ದೇವರ ಬಗ್ಗೆ ಪ್ರಶ್ನೆ ಕೇಳುವುದು ಹೇಗೆ: ಒಬ್ಬ ಪೋಸ್ಟ್‌ಮ್ಯಾನ್ ಕಂಡ ದಾರಿ

2022ರ ಅಕ್ಟೋಬರ್ 9ರ ರಾತ್ರಿ ಅನಂತಪುರದ ಕೆರೆಯಲ್ಲಿ ಬಬಿಯಾ ಸತ್ತಿತು. ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರ, ಮುರಕಲ್ಲಿನ ಪದವಿನ, ಅಂದರೆ ಬೋಳು ಬಯಲುಗುಡ್ಡದ, ನಡುವೆ ಇರುವ ಕೆರೆ ಅದು. ದೇವಸ್ಥಾನ ಇರುವುದು ಕೆರೆಯ ಒಳಗೇ. ಬಬಿಯಾ ಅಂದರೆ ಅಲ್ಲಿನ ಮೊಸಳೆ. ನೈವೇದ್ಯದ ಅನ್ನ ತಿಂದುಕೊಂಡು, ಯಾರ ತಂಟೆಗೂ ಹೋಗದೆ, ಎಪ್ಪತ್ತು ವರ್ಷಕ್ಕಿಂತ ಜಾಸ್ತಿ ಬದುಕಿತ್ತು ಅಂತ ಊರಿನ ಮಾತು. ಮರುದಿನ ಕೊನೆಯ ಸಲ ನೋಡಲು ಜನವೋ ಜನ. ನಾನೂ ಹೋಗಿದ್ದೆ. ನೆರೆಮನೆಯವರ ಮೊಮ್ಮಗಳು, ಎರಡನೇ ಕ್ಲಾಸಿನವಳು, ನನ್ನ ಕೈ ಹಿಡಿದುಕೊಂಡಿದ್ದಳು.

“ಅಜ್ಜಾ, ಇದು ದೇವರ ಮೊಸಳೆ ಅಲ್ವಾ? ಮತ್ತೆ ಎಂತಕ್ಕೆ ಸತ್ತದ್ದು?”

ಸುತ್ತ ಇದ್ದವರೇ ಉತ್ತರ ಕೊಟ್ಟರು. “ಪ್ರಾಯ ಆಗಿತ್ತು ಮಗಾ” ಅಂದರು ಒಬ್ಬರು. “ದೇವರು ಕರೆದುಕೊಂಡ” ಅಂದರು ಇನ್ನೊಬ್ಬರು. ಒಬ್ಬರು ಹೆಂಗಸು ಮೆಲ್ಲಗೆ, “ಇಲ್ಲೆಲ್ಲ ಹಾಗೆ ಕೇಳ್ಬಾರದು” ಅಂದರು. ಮಗು ಎಲ್ಲರ ಮುಖ ನೋಡಿ ಮತ್ತೆ ನನ್ನನ್ನೇ ನೋಡಿತು. ನನಗೆ ಆಗ ಏನೂ ಹೊಳೆಯಲಿಲ್ಲ. ಆದರೆ ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ, ಅವಳ ಪ್ರಶ್ನೆ ಹಾಗೇ ಉಳಿದಿದೆ ಅಂತ ಮನೆಗೆ ಬರುವ ದಾರಿಯಲ್ಲಿ ಅನ್ನಿಸಿತು.

ನಾನು ಮೂವತ್ತು ವರ್ಷ ಈ ಸೀಮೆಯಲ್ಲಿ ಕಾಗದ ಹಂಚಿದವನು. ವಿಳಾಸ ಸರಿ ಇಲ್ಲದ ಕಾಗದ ಎಲ್ಲೆಲ್ಲ ಸುತ್ತುತ್ತದೆ ಅಂತ ನನಗೆ ಗೊತ್ತು. ದೇವರ ಬಗ್ಗೆ ನಾವು ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಹಾಗೆಯೇ. ದೇವರು ಕಷ್ಟದ ವಿಷಯ ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗಳು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಮೂರು ನಾಲ್ಕು ಕಾಗದ ಒಂದೇ ಲಕೋಟೆಯಲ್ಲಿ ತುರುಕಿ, ಮೇಲೆ “ದೇವರಿಗೆ” ಅಂತ ಬರೆದು ಡಬ್ಬಕ್ಕೆ ಹಾಕಿದ ಹಾಗೆ ಇರುತ್ತವೆ. ಅದನ್ನು ಬಿಡಿಸಿ ಸಾರ್ಟ್ ಮಾಡುವ ಕ್ರಮ ಇಲ್ಲಿದೆ. ನಂಬುವವರಿಗೂ ಆಗುತ್ತದೆ, ನಂಬದವರಿಗೂ ಆಗುತ್ತದೆ.

ಮೊದಲು ಮನೆಮಾತಿನಲ್ಲಿ ಬರೆಯಿರಿ

ಒಂದು ಹಳೆಯ ಪೋಸ್ಟ್ ಕಾರ್ಡು ಸಾಕು. ಅದರಷ್ಟೇ ಜಾಗ. “ಪರಮಾತ್ಮನ ಸ್ವರೂಪವೇನು?” ಅಂತ ಬರೆಯಬೇಡಿ. ಅದು ಪುಸ್ತಕದ ಪ್ರಶ್ನೆ, ನಿಮ್ಮದಲ್ಲ. ರಾತ್ರಿ ನಿದ್ದೆ ಬಾರದಾಗ ನಿಮಗೆ ಬರುವ ಪ್ರಶ್ನೆ ಬೇರೆ ತರ ಇರುತ್ತದೆ. “ನಾನು ಹೇಳಿದ್ದು ಅವನಿಗೆ ಕೇಳ್ತದಾ?” “ಅಮ್ಮ ಅಷ್ಟು ಪೂಜೆ ಮಾಡಿದರೂ ಎಂತಕ್ಕೆ ಅಷ್ಟು ನರಳಿದ್ದು?” “ಯಾರೂ ಇಲ್ಲದಿದ್ದರೆ ನಾನು ಕಳ್ಳತನ ಯಾಕೆ ಮಾಡಬಾರದು?” ಇದನ್ನು ಬರೆಯಿರಿ. ತುಳುವಿನಲ್ಲಿ ಬಂದರೆ ತುಳುವಿನಲ್ಲಿ, ಕೊಂಕಣಿಯಲ್ಲಿ ಬಂದರೆ ಕೊಂಕಣಿಯಲ್ಲಿ. ಪ್ರಶ್ನೆ ಹುಟ್ಟಿದ ಭಾಷೆ ಬದಲಾದರೆ ಅದರ ಕಾವು ಹೋಗುತ್ತದೆ. ಇಷ್ಟೇ, ಈ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ಕೂರಬೇಕಾಗಿಲ್ಲ.

ಲಕೋಟೆ ಬಿಚ್ಚಿ ನೋಡಿ

ಹುಡುಗಿಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ನಾನು ಆ ರಾತ್ರಿ ಒಂದು ಕಾಗದದಲ್ಲಿ ಬಿಡಿಸಿ ಬರೆದೆ.

ಮೊಸಳೆ ಯಾವುದರಿಂದ ಸತ್ತಿತು? ಇದು ಒಂದು. ‘ದೇವರ ಮೊಸಳೆ’ ಅಂದರೆ ಏನರ್ಥ, ದೇವರು ಸಾಕಿದ್ದಾ, ದೇವರು ಕಳಿಸಿದ್ದಾ, ಅಥವಾ ದೇವಸ್ಥಾನದ ಕೆರೆಯಲ್ಲಿ ಇದ್ದ ಕಾರಣ ನಾವು ಕೊಟ್ಟ ಹೆಸರಾ? ಇದು ಇನ್ನೊಂದು. ದೇವರಿಗೆ ಬೇಕಾದವರು ಸಾಯಬಾರದು ಅಂತ ಎಲ್ಲಿ ಬರೆದದ್ದು? ದೇವರು ಕಾಪಾಡುತ್ತಾನೆ ಅಂತ ನಾವು ಹೇಳುವಾಗ ಸಾವಿನಿಂದ ಕಾಪಾಡುತ್ತಾನೆ ಅಂತ ಹೇಳುತ್ತಿದ್ದೇವಾ, ಬೇರೆ ಯಾವುದರಿಂದಲೋ?

ಎಲ್ಲದರ ಅಡಿಯಲ್ಲಿ ಇನ್ನೊಂದು ಇತ್ತು. ಅದಕ್ಕೆ ಪ್ರಶ್ನೆಯ ಚಿಹ್ನೆಯೇ ಇಲ್ಲ. ‘ನನಗೆ ಬಬಿಯಾ ಬೇಕಿತ್ತು.’

ಈ ಕೊನೆಯದ್ದನ್ನು ಮೊದಲು ಹುಡುಕಿ. ತುಂಬ ಸಲ ದೇವರ ಪ್ರಶ್ನೆಯ ಒಳಗೆ ಒಂದು ಅಳು ಕೂತಿರುತ್ತದೆ, ಅಥವಾ ಒಂದು ಸಿಟ್ಟು. ಅದಕ್ಕೆ ತತ್ತ್ವಶಾಸ್ತ್ರದ ಉತ್ತರ ಕೊಟ್ಟರೆ ಗಾಯಕ್ಕೆ ಉಪ್ಪು. ಸಾವಿನ ಮನೆಯ ಜಗಲಿಯಲ್ಲಿ ಕೂತು ಆತ್ಮಕ್ಕೆ ಸಾವಿಲ್ಲ ಅಂತ ವಿವರಿಸುವವರನ್ನು ನೀವೂ ನೋಡಿರಬಹುದು. ಕೇಳಿದವರಿಗೆ ಒಂದು ಲೋಟ ನೀರು ಕೊಟ್ಟು ಸುಮ್ನೆ ಹತ್ತಿರ ಕೂರುವುದು ಎಷ್ಟೋ ಮೇಲು. ಪ್ರಶ್ನೆ ನಿಮ್ಮದೇ ಆಗಿದ್ದರೂ ಅಷ್ಟೇ. ಅಳುವ ಭಾಗವನ್ನು ಮೊದಲು ಅಳಲು ಬಿಡಿ. ಉಳಿದದ್ದನ್ನು ಆಮೇಲೆ ಕೇಳಬಹುದು, ಓಡಿ ಹೋಗುವುದಿಲ್ಲ.

ಯಾರಿಗೆ ಅಂತ ಬರೆಯಿರಿ

ಈಗ ಒಂದೊಂದು ಪ್ರಶ್ನೆಗೂ ವಿಳಾಸ. ಮೊಸಳೆ ಹೇಗೆ ಸತ್ತಿತು ಎಂಬುದನ್ನು ಪಶುವೈದ್ಯರಿಗೆ ಕೇಳಿ, ದೇವರಿಗೆ ಬೇಡ. ಊರವರು ಅದನ್ನು ಯಾಕೆ ದೇವರ ಮೊಸಳೆ ಅನ್ನುತ್ತಾರೆ ಎಂಬುದು ಊರಿನ ಹಿರಿಯರಿಗೆ. 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಕೆರೆಯ ಮೊಸಳೆಗೆ ಗುಂಡು ಹೊಡೆದ, ಕೆಲವೇ ದಿನದಲ್ಲಿ ಇನ್ನೊಂದು ಬಂತು ಅಂತ ಅವರು ಕಥೆ ಹೇಳುತ್ತಾರೆ. ಅದು ಕಥೆಯಾಗಿಯೇ ಚಂದ. ‘ಕಾಪಾಡುವುದು’ ಅಂದರೇನು ಎಂಬುದು ಮಾತ್ರ ದೇವರ ಸ್ವರೂಪದ ಪ್ರಶ್ನೆ. ನಾಲ್ಕರಲ್ಲಿ ಒಂದು ಉಳಿಯಿತು ನೋಡಿ.

ಮೊಸಳೆಯ ವಿಷಯದಲ್ಲಿ ಇದು ಸುಲಭ. ಕಷ್ಟದ ಜಾಗಕ್ಕೂ ಹೋಗೋಣ.

ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಒಂದು ಊರಿನ ಹೆಸರು ಸ್ವರ್ಗ. ನಿಜವಾಗಿ, ಬೋರ್ಡಿನಲ್ಲಿ ಹಾಗೆಯೇ ಬರೆದಿದೆ. ಆ ಸುತ್ತಿನ ಸರಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಗುಡ್ಡ ಕೊರೆದ ಸುರಂಗದಿಂದ ಬರುವ ಕುಡಿಯುವ ನೀರು, ತೆರೆದ ಬಾವಿ. ಅಲ್ಲಿ ಮಕ್ಕಳು ದೊಡ್ಡ ತಲೆ, ಬಲವಿಲ್ಲದ ಕೈಕಾಲು, ಬಾರದ ಮಾತಿನೊಂದಿಗೆ ಹುಟ್ಟಿದ್ದನ್ನು ಲೋಕವೆಲ್ಲ ಫೋಟೋದಲ್ಲಿ ನೋಡಿತು. ಅಂಥ ಮಕ್ಕಳ ತಾಯಂದಿರು ಕೇಳಿದ ಪ್ರಶ್ನೆ ಒಂದೇ: “ದೇವರು ನಮ್ಮ ಮಗುವಿಗೆ ಹೀಗೆ ಯಾಕೆ ಮಾಡಿದ?”

ಅವರಿಗೆ ಮೊದಲು ಸಿಕ್ಕಿದ ಉತ್ತರ ಪೂರ್ವಜನ್ಮದ ಕರ್ಮ. ದೈವದ ಕೋಪ ಅಂತಲೂ ಹೇಳಿದರು. ಹರಕೆ, ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ಎಲ್ಲ ಆಯಿತು. ಅಷ್ಟೂ ವರ್ಷ ಹೆಲಿಕಾಪ್ಟರ್ ಹಾರುತ್ತಲೇ ಇತ್ತು. ಆ ಪ್ರಶ್ನೆಯ ಒಳಗಿದ್ದ “ಮಾಡಿದ್ದು ಯಾರು?” ಎಂಬ ತುಂಡನ್ನು ಬೇರೆ ತೆಗೆದು, ಊರಿನ ಡಾಕ್ಟರರು, ಹೋರಾಟಗಾರರು, ಪತ್ರಿಕೆಯವರು ಸರಿಯಾದ ವಿಳಾಸಕ್ಕೆ ಕಳಿಸಿದ ಮೇಲೆ ಉತ್ತರ ಬರಲು ಶುರುವಾಯಿತು. 2011ರ ಮೇಯಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿಡೀ ಆ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಮನುಷ್ಯರಿಗೆ ಹೋಗಬೇಕಾದ ಕಾಗದ ದೇವರ ವಿಳಾಸಕ್ಕೆ ಹೋದರೆ ಯಾರಿಗೆ ಲಾಭ ಅಂತ ಇದರಲ್ಲಿ ಕಾಣುತ್ತದೆ. ನನಗೆ ಕರ್ಮದ ಮಾತಿನ ಮೇಲೆ ದ್ವೇಷವೇನಿಲ್ಲ. ಆದರೆ ಅದನ್ನು ಬೇರೆಯವರ ಮಗುವಿನ ಬಗ್ಗೆ ಹೇಳುವವರ ಮೇಲೆ ಇದೆ.

ಹಾಗಂತ ಮಾಡಿದವರು ಸಿಕ್ಕಿದ ಮೇಲೆ ದೇವರ ಪ್ರಶ್ನೆ ಮುಗಿಯಿತಾ? ಇಲ್ಲ. ಈಗ ಅದು ಚೊಕ್ಕವಾಯಿತು. ವಿಷ ಹಾಕಿದ್ದು ಮನುಷ್ಯ, ಸರಿ. ತಡೆಯಲು ದೇವರಿಗೆ ಆಗಲಿಲ್ಲವಾ, ಮನಸ್ಸಿರಲಿಲ್ಲವಾ? ಗ್ರೀಸಿನ ತತ್ತ್ವಜ್ಞಾನಿ ಎಪಿಕ್ಯೂರಸ್‌ನ ಹೆಸರಿನಲ್ಲಿ ಇದೇ ಪ್ರಶ್ನೆ ಎರಡು ಸಾವಿರ ವರ್ಷದಿಂದ ಓಡಾಡುತ್ತಿದೆ. ಆಗದಿದ್ದರೆ ಅವನು ಸರ್ವಶಕ್ತ ಹೇಗೆ, ಮನಸ್ಸಿಲ್ಲದಿದ್ದರೆ ಒಳ್ಳೆಯವನು ಹೇಗೆ? ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ ಅಂತ ಕೆಲವರು, ನಮ್ಮ ಲೆಕ್ಕ ಅವನ ಲೆಕ್ಕ ಬೇರೆ ಅಂತ ಕೆಲವರು, ಅಂಥವನು ಇಲ್ಲವೇ ಇಲ್ಲ ಅಂತ ಕೆಲವರು ಉತ್ತರಿಸುತ್ತಾರೆ. ಯಾವುದನ್ನೇ ಒಪ್ಪಿ. ಈಗ ಕಡೇಪಕ್ಷ ದೇವರದ್ದೇ ಪ್ರಶ್ನೆಯನ್ನು ಕೇಳುತ್ತಿದ್ದೀರಿ.

ಯಾವ ದೇವರು ಅಂತ ಗಟ್ಟಿ ಮಾಡಿಕೊಳ್ಳಿ

ಗಡಿನಾಡಿನವರಿಗೆ ಈ ಹೆಜ್ಜೆ ವಿವರಿಸಬೇಕಾಗಿಲ್ಲ, ದಿನಾ ಅನುಭವಿಸುತ್ತೇವೆ. ಮಲಯಾಳದಲ್ಲಿ ‘ದೈವಂ’ ಅಂದರೆ ದೇವರು. ತುಳುವಿನಲ್ಲಿ ‘ದೈವ’ ಅಂದರೆ ಭೂತ, ಊರು ಕಾಯುವ ಶಕ್ತಿ. ಕನ್ನಡ ಪುಸ್ತಕದಲ್ಲಿ ‘ದೈವ’ ಅಂದರೆ ಒಮ್ಮೊಮ್ಮೆ ಹಣೆಬರಹ. ಒಂದೇ ಬಸ್ಸಿನಲ್ಲಿ ಕೂತ ಮೂವರು ಒಂದೇ ಶಬ್ದ ಹೇಳಿ ಮೂರು ಬೇರೆ ಸಂಗತಿ ಯೋಚಿಸುತ್ತಿರುತ್ತಾರೆ. ದೇವರಿದ್ದಾನಾ ಇಲ್ಲವಾ ಅಂತ ಅವರು ಜಗಳಕ್ಕೆ ನಿಂತರೆ ಕಾಸರಗೋಡಿನಿಂದ ತಲಪಾಡಿಯವರೆಗೂ ಮುಗಿಯುವುದಿಲ್ಲ.

ತುಳುನಾಡಿನ ದೈವ ಮಾತಾಡುತ್ತದೆ. ಮೈಮೇಲೆ ದೈವ ಬರುವ ಪಾತ್ರಿಯ ಬಾಯಲ್ಲಿ ನುಡಿ ಕೊಡುತ್ತದೆ, ಜಾಗದ ತಕರಾರು ಕೇಳುತ್ತದೆ, ಗದರುತ್ತದೆ. ಕಳೆದುಹೋದ ದನದ ಬಗ್ಗೆ ದೈವಕ್ಕೆ ಹೇಳಿಕೊಳ್ಳುತ್ತೇವೆ. ಗರ್ಭಗುಡಿಯ ದೇವರು ಹಾಗೆ ಎದುರು ಮಾತಾಡುವುದಿಲ್ಲ. “ದೇವರು ಯಾಕೆ ಉತ್ತರ ಕೊಡುವುದಿಲ್ಲ?” ಅಂತ ಕೇಳುವಾಗ ಈ ಎರಡರಲ್ಲಿ ಯಾರನ್ನು ಮನಸ್ಸಿನಲ್ಲಿಟ್ಟು ಕೇಳುತ್ತೀರಿ? ಮಾಪಿಳ್ಳೆ ಮುಸ್ಲಿಮರ ಮನೆಯಲ್ಲಿ ‘ಪಡಚ್ಚೋನ್’ ಅನ್ನುತ್ತಾರೆ. ಸೃಷ್ಟಿ ಮಾಡಿದವನು ಅಂತ ಅರ್ಥ. ಅವನು ಹುಟ್ಟಿದವನೂ ಅಲ್ಲ, ಹೆತ್ತವನೂ ಅಲ್ಲ. 1890ರಲ್ಲಿ ಶುರುವಾದ ಬೇಳದ ಇಗರ್ಜಿಗೆ ಹೋಗುವವರ ದೇವರು ಮನುಷ್ಯನಾಗಿ ಹುಟ್ಟಿ ಶಿಲುಬೆಯಲ್ಲಿ ನೋವು ತಿಂದವನು. ಮಂಜೇಶ್ವರದ ಬಸದಿಗೆ ಹೋಗುವ ಜೈನರನ್ನು ಕೇಳಿದರೆ ಲೋಕವನ್ನು ಯಾರೂ ಸೃಷ್ಟಿ ಮಾಡಲಿಲ್ಲ ಅನ್ನುತ್ತಾರೆ. ತೀರ್ಥಂಕರರು ದಾರಿ ತೋರಿದವರು, ಲೋಕ ನಡೆಸುವವರಲ್ಲ. “ದೇವರು ಲೋಕವನ್ನು ಹೀಗೆ ಯಾಕೆ ಮಾಡಿದ?” ಎಂಬ ಪ್ರಶ್ನೆಯನ್ನು ಬಸದಿಗೆ ಕಳಿಸಿದರೆ ‘ಈ ಹೆಸರಿನವರು ಇಲ್ಲಿ ಇಲ್ಲ’ ಅಂತ ವಾಪಸ್ ಬರುತ್ತದೆ.

ಎಲ್ಲ ದೇವರೂ ಒಂದೇ ಅಂತ ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಇರಬಹುದು. ನನ್ನ ಕೆಲಸದಲ್ಲಿ ಕಂಡದ್ದು ಹೇಳುತ್ತೇನೆ. ಕುಂಬಳೆ, ಕುಂಬ್ಳೆ, ಕುಂಬಳ ಅಂತ ಮೂರು ತರ ಬರೆದ ಕಾಗದ ಒಂದೇ ಪೋಸ್ಟ್ ಆಫೀಸಿಗೆ ಬರುತ್ತಿತ್ತು. 671321 ಅಂತ ಪಿನ್ ಇದ್ದರೆ ಹೆಸರು ಹೇಗಿದ್ದರೂ ನಡೆಯುತ್ತದೆ. ಇನ್ನೊಂದು ಕಡೆ, ಒಂದೇ ಮನೆ ಹೆಸರಿನ ಎರಡು ಮನೆಗಳು ಗುಡ್ಡದ ಆಚೆ ಒಂದು, ಈಚೆ ಒಂದು ಇದ್ದವು. ಹೆಸರು ನೋಡಿ ಕೊಟ್ಟು ಒಮ್ಮೆ ಬೈಸಿಕೊಂಡಿದ್ದೇನೆ. ಹೆಸರು ಬೇರೆಯಾದ ಮಾತ್ರಕ್ಕೆ ಊರು ಬೇರೆ ಅಂತ ಹೇಳಲಾಗದು. ಹೆಸರು ಒಂದೇ ಅಂತ ಮನೆ ಒಂದೇ ಅನ್ನುವುದೂ ತಪ್ಪು. ಹಾಗಾಗಿ ‘ಎಲ್ಲ ಒಂದೇನಾ?’ ಎಂಬುದಕ್ಕಿಂತ ‘ಯಾವ ವಿಷಯದಲ್ಲಿ ಒಂದು, ಯಾವ ವಿಷಯದಲ್ಲಿ ಬೇರೆ?’ ಅಂತ ಕೇಳಿ. ಸೃಷ್ಟಿ ಮಾಡುತ್ತಾನಾ, ಕ್ಷಮಿಸುತ್ತಾನಾ, ರೂಪ ಇದೆಯಾ, ಕರೆದರೆ ಬರುತ್ತಾನಾ, ಒಂದೊಂದಾಗಿ ತಾಳೆ ನೋಡಿ. ಸ್ವಲ್ಪ ಕೆಲಸ ಜಾಸ್ತಿ. ಆದರೆ ಇದರಿಂದ ಸ್ನೇಹ ಕಮ್ಮಿ ಆಗುವುದಿಲ್ಲ. ಉದ್ಯಾವರದಲ್ಲಿ ಅರಸು ದೈವಗಳ ಪಾತ್ರಿಗಳು ಉತ್ಸವಕ್ಕೆ ಕರೆಯಲು ಸಾವಿರ ಜಮಾಅತ್ ಮಸೀದಿಗೆ ಹೋಗುತ್ತಾರೆ. ಅಲ್ಲಿ ಯಾರೂ ಎರಡೂ ಒಂದೇ ಅಂತ ತೀರ್ಮಾನ ಮಾಡಿ ಹೋಗುವುದಿಲ್ಲ. ನೆರೆಯವರು ಅಂತ ಹೋಗುತ್ತಾರೆ.

ಮಧೂರಿನ ಮಾತೂ ಇಲ್ಲಿ ಸೇರಬೇಕು. ದೇವಸ್ಥಾನದ ಮುಖ್ಯ ದೇವರು ಮದನಂತೇಶ್ವರ, ಅಂದರೆ ಶಿವ. ಒಬ್ಬ ಹುಡುಗ ಆಟಕ್ಕೆ ಗೋಡೆಯ ಮೇಲೆ ಗಣಪತಿಯ ಚಿತ್ರ ಬರೆದ, ಅದು ದಿನದಿನಕ್ಕೆ ಉಬ್ಬುತ್ತ ಬಂತು ಅಂತ ಕಥೆ. ಈಗ ಅಪ್ಪದ ನೈವೇದ್ಯ ಮಾಡಿಸುವುದು ಆ ಗಣಪತಿಗೆ. 1992ರ ನಂತರ 2025ರಲ್ಲಿ ಮತ್ತೆ ಮೂಡಪ್ಪ ಸೇವೆ, ಅಂದರೆ ಮೂರ್ತಿಯನ್ನು ಅಪ್ಪದಿಂದ ಮುಚ್ಚುವ ಸೇವೆ, ಆದದ್ದೂ ಅವನಿಗೇ. ದಾರಿ ಕೇಳುವವರೂ ‘ಮಧೂರು ಗಣಪತಿ’ ಅಂತಲೇ ಕೇಳುವುದು. ದೇವರ ಸ್ವರೂಪದ ಬಗ್ಗೆ ಕೇಳುವಾಗ ನೀವು ಶಾಸ್ತ್ರದ ಲೆಕ್ಕದ ದೇವರನ್ನು ಕೇಳುತ್ತಿದ್ದೀರಾ, ಜನ ಕೈಮುಗಿಯುವ ದೇವರನ್ನು ಕೇಳುತ್ತಿದ್ದೀರಾ? ಎರಡೂ ಒಂದೇ ಗೋಡೆಯೊಳಗೆ ಇರಬಹುದು.

ಅದೇ ಪ್ರಶ್ನೆ ಮತ್ತೆ ಕೇಳಿ

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ದೇವರು ಎಷ್ಟು? ಮುನ್ನೂರ ಮೂರು ಮತ್ತು ಮೂರು ಸಾವಿರದ ಮೂರು ಅಂತ ಉತ್ತರ. ಶಾಕಲ್ಯ “ಸರಿ” ಅಂತಾನೆ. ಆದರೆ ಸುಮ್ಮನಾಗುವುದಿಲ್ಲ. ನಿಜವಾಗಿ ಎಷ್ಟು? ಮೂವತ್ತಮೂರು. ಸರಿ, ನಿಜವಾಗಿ ಎಷ್ಟು? ಆರು. ಮತ್ತೆ ಕೇಳಿದರೆ ಮೂರು, ಆಮೇಲೆ ಎರಡು, ಆಮೇಲೆ ಒಂದೂವರೆ, ಕೊನೆಗೆ ಒಂದು. ಒಂದೂವರೆ ದೇವರು ಅಂದರೆ ಯಾರು ಅಂತ ಕೇಳಿದರೆ ಗಾಳಿ ಅಂತ ಹೇಳುತ್ತಾನೆ. ನನಗೆ ಈ ಒಂದೂವರೆ ತುಂಬ ಇಷ್ಟ.

ಮೊದಲ ಉತ್ತರ ತಪ್ಪು ಅಂತ ಯಾರೂ ಹೇಳಲಿಲ್ಲ ಎಂಬುದನ್ನು ಗಮನಿಸಿ. ಪ್ರತಿ ಉತ್ತರವನ್ನೂ ಒಪ್ಪಿಕೊಂಡೇ ಕೇಳುತ್ತ ಹೋದ. ನಾವು ಮಾಡುವುದು ಉಲ್ಟಾ. ಮೊದಲ ಉತ್ತರಕ್ಕೇ ಕುಣಿದು ಹಿಡಿದುಕೊಳ್ಳುತ್ತೇವೆ, ಇಲ್ಲವೇ ಮೊದಲ ಉತ್ತರಕ್ಕೇ ಮುರಿದು ಬೀಳುತ್ತೇವೆ. ನಿಮ್ಮ ಕಾರ್ಡಿನ ಪ್ರಶ್ನೆಗೆ ಬಂದ ಉತ್ತರದ ಕೆಳಗೆ “ಸರಿ, ಆದರೆ ನಿಜವಾಗಿ?” ಅಂತ ಬರೆದು ಒಂದು ವಾರ ಬಿಡಿ. ಎರಡನೆಯ ಉತ್ತರ ಬೇರೆ ಇರುತ್ತದೆ.

ಅದೇ ಸಭೆಯಲ್ಲಿ ಗಾರ್ಗಿಯೂ ಇದ್ದಳು. ಇದು ಯಾವುದರ ಮೇಲೆ ನಿಂತಿದೆ, ಅದು ಯಾವುದರ ಮೇಲೆ ಅಂತ ಸಾಲಾಗಿ ಕೇಳುತ್ತ ಹೋದಾಗ ಯಾಜ್ಞವಲ್ಕ್ಯ, ಅತಿಯಾಗಿ ಕೇಳಬೇಡ, ತಲೆ ಬಿದ್ದೀತು ಅಂತ ತಡೆದ. ಅವಳು ಸುಮ್ಮನಾದಳು, ಆದರೆ ಹೋಗಲಿಲ್ಲ. ಆಮೇಲೆ ಎದ್ದು, ಎರಡೇ ಪ್ರಶ್ನೆ ಕೇಳುತ್ತೇನೆ ಅಂತ ಸಭೆಯ ಒಪ್ಪಿಗೆ ಪಡೆದು ಕೇಳಿದಳು. ಈ ಸಲ ಉತ್ತರ ಬಂತು. ನಲವತ್ತು ಪ್ರಶ್ನೆ ಇದ್ದರೆ ಎರಡನ್ನು ಆರಿಸಿಕೊಳ್ಳಿ. ಕೇಳಿಸಿಕೊಳ್ಳುವವರಿಗೂ ಮನೆಗೆ ಹೋಗಬೇಕಿರುತ್ತದೆ.

ಎಂಥ ಉತ್ತರ ಬಂದರೆ ಒಪ್ಪುತ್ತೀರಿ?

ಇದನ್ನು ನಾನು ಕಲಿತದ್ದು ತಾಳಮದ್ದಳೆಯಿಂದ. ಈ ಸೀಮೆಯವರಿಗೆ ತಾಳಮದ್ದಳೆ ಅಂದರೆ ರಾತ್ರಿ ಶಾಲೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದ ಮಾಡುತ್ತಾರೆ. ವಾಲಿಯ ಪ್ರಸಂಗ ಅಂದರೆ ಜನ ತುಂಬುತ್ತಿದ್ದರು. ಕುಂಬಳೆ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಇವತ್ತಿಗೂ ಅದನ್ನೇ ಹೇಳುತ್ತಿರುತ್ತಾರೆ.

ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮನ ಕಡೆಯಿಂದ ಎರಡು ಉತ್ತರ ಬರುತ್ತವೆ. ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ದಂಡನೆ. ಇನ್ನೊಂದು, ನೀನು ಕಪಿ, ಬೇಟೆಯ ಪ್ರಾಣಿಯನ್ನು ಮರೆಯಿಂದ ಹೊಡೆಯುವುದು ರಾಜರಿಗೆ ತಪ್ಪಲ್ಲ. ಒಳ್ಳೆಯ ವಾಲಿ ಆದರೆ ಇಲ್ಲಿಯೇ ಹಿಡಿಯುತ್ತಾನೆ. ನಾನು ಪ್ರಾಣಿಯಾದರೆ ತಮ್ಮನ ಹೆಂಡತಿ ಎಂಬ ನೀತಿ ನನಗೆ ಹೇಗೆ ಬಂತು? ಆ ನೀತಿ ನನಗೆ ಉಂಟು ಅಂತಾದರೆ ಎದುರು ಬಂದು ಯಾಕೆ ಹೊಡೆಯಲಿಲ್ಲ?

ರಾತ್ರಿ ಎರಡು ಗಂಟೆಗೆ, ಚಾಪೆಯ ಮೇಲೆ ಕೂತ ಅಜ್ಜಂದಿರು ರಾಮನ ಭಕ್ತರೇ ಆಗಿದ್ದರೂ ವಾಲಿಗೆ ತಲೆದೂಗುತ್ತಿದ್ದರು. ಆ ತಲೆದೂಗುವಿಕೆಯನ್ನು ನಾನು ಮರೆತಿಲ್ಲ. ದೇವರನ್ನು ಹೀಗೆ ಕೇಳಬಹುದು, ಕೇಳಿದರೆ ಭಕ್ತಿಗೆ ಕುತ್ತು ಬರುವುದಿಲ್ಲ ಅಂತ ನನಗೆ ಗೊತ್ತಾದದ್ದು ಅಲ್ಲಿ.

ಆದರೆ ವಾಲಿಯ ಪ್ರಶ್ನೆ ಒಳ್ಳೆಯದಾದದ್ದು ಗಟ್ಟಿ ಸ್ವರದಿಂದಲ್ಲ. ಎಂಥ ಉತ್ತರ ಸಾಕು ಅಂತ ಅವನಿಗೆ ಗೊತ್ತು: ಎರಡೂ ಮಾತು ಒಂದಕ್ಕೊಂದು ಕೂಡಬೇಕು. ನೀವೂ ನಿಮ್ಮ ಪ್ರಶ್ನೆಯ ಕೆಳಗೆ ‘ಇಂಥ ಉತ್ತರ ಬಂದರೆ ಒಪ್ಪುತ್ತೇನೆ’ ಅಂತ ಒಂದು ಸಾಲು ಬರೆದು ನೋಡಿ. ಬರೆಯಲು ಆಗದಿದ್ದರೆ ಅದು ಪ್ರಶ್ನೆಯ ವೇಷದ ಬೈಗುಳ, ಅಥವಾ ಪ್ರಶ್ನೆಯ ವೇಷದ ಭಜನೆ. “ದೇವರಿಲ್ಲದೆ ಇಷ್ಟು ಚಂದದ ಲೋಕ ಆಗುತ್ತದಾ?” ಎಂಬುದು ಎರಡನೆಯ ಜಾತಿಯದ್ದು. ಕೇಳುವವರಿಗೆ ಉತ್ತರ ಬೇಡ, ಹೌದು ಅನ್ನಿಸಿಕೊಳ್ಳಬೇಕು.

ವಾಲಿಯ ಜಗಳದ ಅಡಿಯಲ್ಲಿ ಇನ್ನೊಂದು ದೊಡ್ಡ ಪ್ರಶ್ನೆ ಇದೆ. ರಾಮ ಮಾಡಿದ ಕಾರಣ ಅದು ಧರ್ಮವಾ? ಅಥವಾ ಅದು ಧರ್ಮವಾದ ಕಾರಣ ರಾಮ ಮಾಡಿದನಾ? ಅಥೆನ್ಸಿನ ಸಾಕ್ರೆಟಿಸ್ ಯೂಥಿಫ್ರೊ ಎಂಬವನ ಜೊತೆ ಇದೇ ಗಂಟನ್ನು ಬಿಡಿಸಲು ಕೂತಿದ್ದ ಅಂತ ಪ್ಲೇಟೊ ಬರೆದಿದ್ದಾನೆ. ದೇವರಿಗೆ ಇಷ್ಟ ಅಂತ ಅದು ಒಳ್ಳೆಯದಾ, ಒಳ್ಳೆಯದು ಅಂತ ದೇವರಿಗೆ ಇಷ್ಟವಾ? ಮೊದಲನೆಯದ್ದಾದರೆ ದೇವರು ನಾಳೆ ಕೊಲೆಯನ್ನು ಇಷ್ಟಪಟ್ಟರೆ ಅದೂ ಒಳ್ಳೆಯದಾಗಬೇಕು. ಎರಡನೆಯದ್ದಾದರೆ ಒಳ್ಳೆಯದು ಎಂಬುದು ದೇವರಿಗಿಂತ ಮೇಲೆ ಎಲ್ಲೋ ಇದೆ. ದೇವರ ಸ್ವರೂಪದ ಬಗ್ಗೆ ಒಂದೇ ಪ್ರಶ್ನೆ ಕೇಳಲು ಅವಕಾಶ ಇದ್ದರೆ ನಾನು ಇದನ್ನೇ ಕೇಳುತ್ತೇನೆ.

ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಿ

ಹದಿಮೂರನೇ ಶತಮಾನದಲ್ಲಿ ಕಾಸರಗೋಡಿನ ಕೂಡ್ಲಿನ ವಿಷ್ಣುಮಂಗಲ ದೇವಸ್ಥಾನದಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ವಾದ ನಡೆಯಿತು. ಕುಂಬಳೆಯ ಅರಸ ಜಯಸಿಂಹನ ಕಾಲ. ಜೀವ ಮತ್ತು ದೇವರು ಒಂದೇ ಎಂಬ ಅದ್ವೈತದಲ್ಲಿ ಪಳಗಿದವರು ತ್ರಿವಿಕ್ರಮರು. ಎರಡೂ ಬೇರೆ, ಎಂದೆಂದಿಗೂ ಬೇರೆ ಅಂದವರು ಮಧ್ವರು. ಹದಿನೈದು ದಿನ ನಡೆಯಿತು ಅಂತ ಹೇಳುತ್ತಾರೆ. ಕೊನೆಗೆ ತ್ರಿವಿಕ್ರಮರು ಮಧ್ವರ ಶಿಷ್ಯರಾದರು, ಅವರ ಭಾಷ್ಯಕ್ಕೇ ಟೀಕೆ ಬರೆದರು. ಇತ್ತ ಅದೇ ಸೀಮೆಯ ಎಡನೀರಿನಲ್ಲಿ ಶಂಕರರ ಪರಂಪರೆಯ ಮಠ ಇವತ್ತಿಗೂ ಇದೆ. ಅಂದರೆ ಹದಿನೈದು ದಿನದ ಉತ್ತರದಿಂದ ಪ್ರಶ್ನೆ ಮುಗಿಯಲಿಲ್ಲ. ಎರಡೂ ಕಡೆಯವರು ಇದ್ದಾರೆ.

ಹದಿನೈದು ದಿನ ವಾದ ನಡೆಯಬೇಕಾದರೆ ಏನು ಬೇಕು? ಎದುರಿನವರ ಮಾತು ಪೂರ್ತಿ ಗೊತ್ತಿರಬೇಕು. ಅದಕ್ಕೆ ನಮ್ಮಲ್ಲಿ ಪೂರ್ವಪಕ್ಷ ಅಂತ ಹೆಸರು. ಮೊದಲು ಅವರ ಪಕ್ಷವನ್ನು ಅವರೇ “ಹೌದು, ಹಾಗೆಯೇ” ಅನ್ನುವಂತೆ ಹೇಳಬೇಕು, ಆಮೇಲೆ ನಿಮ್ಮದು. ನಾಸ್ತಿಕರೊಡನೆ ಮಾತಾಡುವ ಆಸ್ತಿಕರೂ, ಆಸ್ತಿಕರೊಡನೆ ಮಾತಾಡುವ ನಾಸ್ತಿಕರೂ ಇದನ್ನು ಒಂದು ಸಲ ಪ್ರಯತ್ನಿಸಿ. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಹಂತದಲ್ಲೇ ಕರಗಿಹೋಗುತ್ತವೆ.

ಪ್ರಶ್ನೆ ಕೆಳಗಿನಿಂದಲೂ ಬರಬಹುದು ಎಂಬುದಕ್ಕೆ ಜಿಲ್ಲೆಯ ತೆಂಕಣ ಭಾಗದ ಪೊಟ್ಟನ್ ತೆಯ್ಯಂ ನೋಡಬೇಕು. ತೆಯ್ಯಂ ಅಂದರೆ ಅಲ್ಲಿಯವರು ವೇಷ ಕಟ್ಟಿ ಕುಣಿಸುವ ದೈವ. ನೀಲೇಶ್ವರದ ಕಡೆ ಹೋದರೆ ಬೆಳಗಿನ ಜಾವ ಕಾಣಸಿಗುತ್ತದೆ. ರಾಶಿ ಕೆಂಡ, ಎಳೆ ತೆಂಗಿನ ಗರಿಯ ಉಡುಗೆ. ತೆಯ್ಯಂ ಆ ಕೆಂಡದ ಮೇಲೆಯೇ ಹೋಗಿ ಒರಗಿಕೊಂಡು, ಚಳಿಯಾಗುತ್ತದೆ ಅಂತ ತಮಾಷೆ ಮಾಡುತ್ತದೆ. ಪೊಟ್ಟನ್ ಅಂದರೆ ಪೆದ್ದ. ಕಥೆಯಲ್ಲಿ ಶಂಕರಾಚಾರ್ಯರು ದಾರಿ ಬಿಡು ಅಂತ ಹೇಳಿದಾಗ ಈ ಪೆದ್ದ ದಾರಿ ಬಿಡುವುದಿಲ್ಲ. ನಿಮ್ಮನ್ನು ಕೊಯ್ದರೂ ನೆತ್ತರು, ನಮ್ಮನ್ನು ಕೊಯ್ದರೂ ನೆತ್ತರು, ಮತ್ತೆ ದಾರಿ ಬಿಡಬೇಕಾದ್ದು ಯಾವುದು? ಎಲ್ಲದರಲ್ಲಿ ಇರುವುದು ಒಂದೇ ಅಂತ ಕಲಿಸುವವರಿಗೆ, ಹಾಗಾದರೆ ನನ್ನಲ್ಲಿ ಇರುವುದು ಏನು ಅಂತ ಕೇಳುತ್ತಾನೆ. ದೇವರ ಬಗ್ಗೆ ಒಂದು ತತ್ತ್ವ ಕೇಳಿದಾಗಲೆಲ್ಲ ಈ ಪೆದ್ದನ ಪ್ರಶ್ನೆಯನ್ನು ಜೊತೆಗೆ ಇಡಿ: ಇದು ನಿಜವಾದರೆ ನಾಳೆ ಬೆಳಿಗ್ಗೆ ನಾನು ಯಾರಿಗೆ ದಾರಿ ಬಿಡಬೇಕು?

ಬಟವಾಡೆ ಆಗದ್ದನ್ನು ಹರಿದು ಹಾಕಬೇಡಿ

ಕೆಲವಕ್ಕೆ ಉತ್ತರ ಬರುವುದಿಲ್ಲ. ಇದು ಅಲ್ಲ, ಅದು ಅಲ್ಲ ಅಂತ ಹೇಳಿ ನಿಲ್ಲಿಸಿದ ಉಪನಿಷತ್ತಿನವರಿಗೂ ಇದು ಗೊತ್ತಿತ್ತು. ಆದರೆ “ಅದೆಲ್ಲ ನಮಗೆ ತಿಳಿಯುವುದಿಲ್ಲ ಬಿಡಿ” ಎಂಬುದನ್ನು ತುಂಬ ಬೇಗ ಹೇಳುವವರ ಬಗ್ಗೆ ನನಗೆ ಸಂಶಯ. ಮೇಲಿನ ಕೆಲಸವೆಲ್ಲ ಮಾಡಿ ಆಮೇಲೆ ಹೇಳಿದರೆ ಒಪ್ಪುತ್ತೇನೆ. ಮೊದಲೇ ಹೇಳಿದರೆ ಅದು ಸೋಮಾರಿತನ. ಉತ್ತರ ಬಾರದ ಕಾರ್ಡುಗಳನ್ನು ಒಂದು ಡಬ್ಬದಲ್ಲಿ ಇಡಿ. ವರ್ಷಕ್ಕೊಮ್ಮೆ ತೆಗೆದು ಓದಿ. ಕೆಲವನ್ನು ನೋಡಿ ನಗು ಬರುತ್ತದೆ, ಕೆಲವು ಹಳೆಯ ಹಲ್ಲುನೋವಿನ ಹಾಗೆ ಅಲ್ಲೇ ಇರುತ್ತವೆ.

2023ರ ನವೆಂಬರಿನಲ್ಲಿ ಅನಂತಪುರದ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಮತ್ತೆ ಜನ. ಹುಡುಗಿ ಆಗ ಮೂರನೇ ಕ್ಲಾಸು. ನಾವು ಹೋದಾಗ ಮೊಸಳೆ ಕಾಣಲಿಲ್ಲ, ಹಸಿರು ನೀರು ಮಾತ್ರ. ಕಟ್ಟೆಯ ಮೇಲೆ ಕೂತು ತುಂಬ ಹೊತ್ತು ಕಾದೆವು. ಬಿಸಿಲು ಏರಿತು. ಹೊರಡೋಣ ಅಂತ ನಾನು ಎದ್ದಾಗ ಅವಳು ನೀರು ನೋಡುತ್ತಲೇ ಕೇಳಿದಳು.

“ಅಜ್ಜಾ, ತಾನು ದೇವರ ಮೊಸಳೆ ಅಂತ ಅದಕ್ಕೆ ಗೊತ್ತುಂಟಾ?”

ನಾನು ಮತ್ತೆ ಕೂತುಕೊಂಡೆ. ಜೇಬಿನಿಂದ ಕಾರ್ಡು ತೆಗೆದು ಅವಳ ಎದುರೇ ಬರೆದೆ. ಅದು ಈಗಲೂ ನನ್ನ ಡಬ್ಬದಲ್ಲಿದೆ, ವಿಳಾಸದ ಕಡೆ ಇನ್ನೂ ಖಾಲಿ.